ತಲೆಕೆಳಗಾದ ಬೆಕ್ಕಿಗೆ ಎರಡು ಸೆಂಟ್

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಹೆಸರು, ಮನೆ, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಪಾಠದ ನಡುವೆ ತೂಕಡಿಸುತ್ತಾಳೆ ಎಂದು ಕ್ಲಾಸ್ ಟೀಚರ್ ನನ್ನ ಹತ್ತಿರ ಕಳಿಸಿದ್ದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆ. ನಾನು ಅಲ್ಲಿ ಕೌನ್ಸೆಲರ್. ಇಂಥ ನಿದ್ದೆಯ ಹಿಂದೆ ಸಾಮಾನ್ಯವಾಗಿ ಮೊಬೈಲ್ ಗೇಮ್ ಇರುತ್ತದೆ, ಇಲ್ಲವೇ ಮನೆಯಲ್ಲಿ ಕುಡಿತದ ಗಲಾಟೆ. ಇವಳು ಹೇಳಿದ್ದು ಬೇರೆಯೇ. "ಅಮ್ಮನಿಗೆ ರಾತ್ರಿ ಮೇಲ್ ಬರ್ತದೆ ಟೀಚರ್. ಅಮ್ಮನಿಗೆ ಎಚ್ಚರ ಆಗದಿದ್ರೆ ನಾನೇ ಎದ್ದು ತಲೆಕೆಳಗಾದ ಬೆಕ್ಕು ಒತ್ತುದು."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅಮ್ಮನನ್ನು ಬರಹೇಳಿದೆ.

ಅವರನ್ನು ಸುಜಾತಾ ಎನ್ನೋಣ. ಮೂವತ್ತಾರು ವರ್ಷ. ಬಿ.ಕಾಂ. ಮುಗಿಸಿದ ಮೇಲೆ ಮದುವೆ. ಗಂಡ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುತ್ತಾರೆ, ಆಮೇಲೆ ಅಡಿಕೆ ಗೊನೆ ತೆಗೆಯುವ ಕೆಲಸ. ಕೆಲಸ ಇದ್ದ ದಿನ ಕೂಲಿ ಚೆನ್ನಾಗಿಯೇ ಸಿಗುತ್ತದೆ, ಬಿಡದೆ ಮಳೆ ಹೊಡೆದರೆ ಏನೂ ಇಲ್ಲ. ಅತ್ತೆ ಹಾಸಿಗೆ ಹಿಡಿದಿರುವುದರಿಂದ ಸುಜಾತಾ ಮನೆ ಬಿಟ್ಟು ಹೋಗುವ ಹಾಗಿಲ್ಲ. ಅವರ ತಾಯಿ ಬೀಡಿ ಕಟ್ಟಿಯೇ ಮೂವರು ಮಕ್ಕಳನ್ನು ಓದಿಸಿದವರು. "ಅಮ್ಮನ ಕೈಯಲ್ಲಿ ಯಾವಾಗಲೂ ದುಡ್ಡು ಇರ್ತಿತ್ತು. ನಾನು ಇಷ್ಟು ಓದಿ, ಮಗಳಿಗೆ ಒಂದು ಕೊಡೆ ತೆಗೆಯಬೇಕಾದ್ರೂ ಇವರ ಹತ್ತಿರ ಕೇಳಬೇಕು" ಎಂದರು. ಗಂಡ ಇಲ್ಲ ಎನ್ನುವವರಲ್ಲ. ಕೇಳಬೇಕಲ್ಲ, ಅದೇ ಅವರ ಸಂಕಟ.

ಮೇಲ್ ಓದಿದರೆ ದುಡ್ಡು ಎನ್ನುವ ಒಂದು ಕಂಪನಿಗೆ ಸೇರಿದ್ದರಂತೆ. ಫೋನ್ ತೆಗೆದು ನನಗೆ ತೋರಿಸಿದರು. ಮೇಲ್ ತೆರೆದರೆ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು, ಕೆಳಗೊಂದು ಲಿಂಕ್. ಲಿಂಕ್ ಒತ್ತಿದರೆ ಯಾವುದೋ ಜಾಹೀರಾತಿನ ಪುಟ. ಮೇಲ್ಗಡೆ 30, 29, 28 ಎಂದು ಎಣಿಕೆ ಇಳಿಯುತ್ತದೆ. ಸೊನ್ನೆಗೆ ಬಂದ ಮೇಲೆ ಐದು ಸಣ್ಣ ಚಿತ್ರಗಳು ಬರುತ್ತವೆ. ಐದೂ ಬೆಕ್ಕು, ಅದರಲ್ಲೊಂದು ತಲೆಕೆಳಗು. ಅದನ್ನೇ ಒತ್ತಬೇಕು. ಒತ್ತುವುದು ಮನುಷ್ಯರೇ, ಯಂತ್ರವಲ್ಲ ಎಂದು ಖಾತ್ರಿಯಾಗಬೇಕಂತೆ. ಸರಿಯಾಗಿ ಒತ್ತಿದರೆ ಖಾತೆಗೆ 2 ಸೆಂಟ್, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿ ಎಪ್ಪತ್ತು ಪೈಸೆಯಷ್ಟು. ಮೇಲ್ ಬಂದು ಮೂರು ಗಂಟೆಯೊಳಗೆ ತೆರೆಯದಿದ್ದರೆ ಅದು ಹೋಯಿತು. ಹೆಚ್ಚಿನ ಮೇಲ್ ಬರುವುದು ನಡುರಾತ್ರಿ. ಅಮ್ಮ ಅಲಾರಂ ಇಟ್ಟು ಮಲಗುತ್ತಿದ್ದರು, ಮಗಳೂ ಏಳುತ್ತಿದ್ದಳು.

ಜಾಹೀರಾತು ಯಾವುದರದ್ದು ಎಂದು ನಾನು ಒಂದೊಂದೇ ನೋಡುತ್ತಾ ಹೋದೆ. ಸೋಪಿಲ್ಲ, ಸೀರೆಯಿಲ್ಲ. ಮುಕ್ಕಾಲು ಪಾಲು ಇಂಥದೇ ಬೇರೆ ಯೋಜನೆಗಳದ್ದು: "ಮನೆಯಲ್ಲೇ ಕೂತು ಸಂಪಾದಿಸಿ". ಮೇಲ್ ಓದಿ ಸಂಪಾದಿಸುವವರಿಗೆ ಮೇಲ್ ಓದಿ ಸಂಪಾದಿಸುವ ಜಾಹೀರಾತು! ನನಗೆ ನಗು ಬಂತು. ಅವರ ಮುಖ ನೋಡಿ ತಡೆದುಕೊಂಡೆ.

ದುಡ್ಡಿನ ಕಥೆ ಹೀಗಿದೆ. ಮೊದಲ ಸಲ 5 ಡಾಲರ್ ಆದಾಗ ತೆಗೆಯಲು ಬಿಟ್ಟರು. ಬ್ಯಾಂಕಿಗೆ 410 ರೂಪಾಯಿ ಬಂತು. ಅದರಲ್ಲೇ ಮಗಳಿಗೆ ಕೊಡೆ ತೆಗೆದದ್ದು. ಮುಂದಿನ ಸಲ ತೆಗೆಯಬೇಕಾದರೆ 50 ಡಾಲರ್ ಆಗಬೇಕಿತ್ತು. ದಿನಕ್ಕೆ ನಲವತ್ತು ಮೇಲ್ ಬರುತ್ತಿದ್ದದ್ದು 40 ಡಾಲರ್ ದಾಟಿದ ಮೇಲೆ ಹತ್ತಕ್ಕಿಳಿಯಿತು, ಆಮೇಲೆ ಎರಡು. 46 ಡಾಲರ್ ಚಿಲ್ಲರೆಯಲ್ಲಿ ಲೆಕ್ಕ ನಿಂತೇ ಹೋಯಿತು. ಆಗ ವಾಟ್ಸ್‌ಆ್ಯಪ್‌ನಲ್ಲಿ "ಮ್ಯಾನೇಜರ್" ಮಾತಾಡಿದ. 2,499 ರೂಪಾಯಿ ಕಟ್ಟಿ ಪ್ರೀಮಿಯಂ ಆದರೆ ಮಿತಿ ಇಲ್ಲ ಎಂದ. ಕಟ್ಟಿದರು. ಆಮೇಲೆ ಖಾತೆ ಪರಿಶೀಲನೆಗೆ 1,180. ಕೊನೆಗೆ ಟ್ಯಾಕ್ಸ್ ಎಂದು 3,500. ಎಲ್ಲವೂ ಯುಪಿಐ ಮೂಲಕ, ಮೂರು ಸಲವೂ ಬೇರೆ ಬೇರೆ ಮನುಷ್ಯರ ಹೆಸರಿಗೆ. ಅಷ್ಟರ ನಡುವೆ "ಐದು ಜನರನ್ನು ಸೇರಿಸಿದರೆ ಕಟ್ಟಿದ್ದೆಲ್ಲ ವಾಪಸ್" ಎಂಬ ಮಾತು ಬಂತು. ಕುಟುಂಬಶ್ರೀ ಅಯಲ್ಕೂಟದ (ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪು) ಐದು ಮಂದಿ ಸುಜಾತಾರನ್ನು ನಂಬಿ ತಲಾ 2,499 ಕಟ್ಟಿದರು. ಅದರಲ್ಲಿ ಇಬ್ಬರು ಕಟ್ಟಿದ್ದು ಅಯಲ್ಕೂಟದಲ್ಲೇ ಸಾಲ ತೆಗೆದು.

ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಭಾನುವಾರದ ಅಯಲ್ಕೂಟಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಮೋಸ ಎಂದು ಮನಸ್ಸಿಗೆ ಗೊತ್ತಾಗಿತ್ತು. ಆದರೂ ರಾತ್ರಿ ಎದ್ದು ಬರುವ ಎರಡು ಮೇಲ್ ಓದುತ್ತಲೇ ಇದ್ದರು. "ನಿಲ್ಲಿಸಿದ್ರೆ ಮೋಸ ಅಂತ ಒಪ್ಪಿಕೊಂಡ ಹಾಗಾಗ್ತದಲ್ಲ ಟೀಚರ್."

ಈ ಮಾತನ್ನು ನಾನು ಬರೆದಿಟ್ಟುಕೊಂಡೆ. ಇಂಥವರನ್ನು ನೋಡಿ "ದುರಾಸೆ" ಎನ್ನುವವರು ಬಹಳ. ಸುಮ್ನೆ ಕೂತು ದುಡ್ಡು ಬರಬೇಕು ಎಂಬ ಆಸೆಯವರು ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಏಳುತ್ತಾರಾ? ಇವರು ದುಡಿದವರು. ದುಡಿಮೆಗೆ ಕೂಲಿ ಸಿಗುತ್ತದೆ ಎಂದು ತಾಯಿಯ ಮನೆಯಲ್ಲಿ ನೋಡಿ ಬೆಳೆದವರು. ಅವರನ್ನು ಹಿಡಿದು ಹಾಕಿದ್ದು ನಾಚಿಕೆ. ಮ್ಯಾನೇಜರ್‌ಗೆ ಅದು ಗೊತ್ತಿತ್ತು.

ಅವರ ಭಾಷೆಯಲ್ಲೇ ಲೆಕ್ಕಕ್ಕೆ ಕೂತೆವು. ತಾಯಿ ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿನವರು ತೆಗೆದುಕೊಂಡದ್ದೇಕೆ? ಅದನ್ನು ಸೇದುವವನೊಬ್ಬ ಎಲ್ಲೋ ಇದ್ದಾನೆ, ಅವನು ದುಡ್ಡು ಕೊಡುತ್ತಾನೆ. ಸರಿ, ನೀವು ಮೂವತ್ತು ಸೆಕೆಂಡ್ ನೋಡಿದ್ದನ್ನು ಯಾರು ಕೊಳ್ಳುತ್ತಾರೆ? ಜಾಹೀರಾತು ಕೊಡುವವನಿಗೆ ಬೇಕಾದ್ದು ಸಾಮಾನು ಕೊಳ್ಳುವವರು. ದುಡ್ಡು ಸಿಗುತ್ತದೆಂದು ಮಾತ್ರ ತೆರೆಯುವವರ ನೋಟ ಅವನಿಗೆ ಉಪಯೋಗಕ್ಕಿಲ್ಲ. ಇಂಟರ್ನೆಟ್ ಜಾಹೀರಾತಿನ ದರವನ್ನು ಸಾವಿರ ನೋಟಕ್ಕೆ ಇಷ್ಟು ಎಂದು ಹೇಳುವುದೇ ಜಾಸ್ತಿ. ಒಂದೊಂದು ನೋಟಕ್ಕೆ ಎಂದರೆ ಅದು ಪೈಸೆಗಳ ವ್ಯವಹಾರ. ಹಾಗಿರುವಾಗ ಬದಿಯಡ್ಕದ ಒಂದು ಅಡುಗೆಮನೆಯಲ್ಲಿ ಓದದೆ ಬರೀ ತೆರೆದಿಟ್ಟ ಜಾಹೀರಾತಿಗೆ ಒಂದು ರೂಪಾಯಿ ಎಪ್ಪತ್ತು ಪೈಸೆ ಯಾರು ಕೊಟ್ಟಾರು?

ಮೇಲ್ ಓದಿದರೆ ದುಡ್ಡು ಎಂಬುದೇ ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಿದೆ. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಅಂಥ ಕಂಪನಿಗಳಿವೆ. 2000ರಲ್ಲಿ ಶುರುವಾದ ಇನ್‌ಬಾಕ್ಸ್‌ಡಾಲರ್ಸ್ ಅಂಥದ್ದೊಂದು, ಅದು ಅಮೆರಿಕದಲ್ಲಿ ಇರುವವರಿಗೆ ಮಾತ್ರ. ಈ ಕಸುಬಿನಲ್ಲಿ ಒಂದು ಮೇಲ್‌ಗೆ ಸಿಗುವುದು ಹೆಚ್ಚಾಗಿ ಒಂದು ಸೆಂಟ್‌ನ ಚೂರುಪಾರು. ಕಾಲು ಸೆಂಟ್ ಎಂದಿಟ್ಟುಕೊಂಡರೂ 50 ಡಾಲರ್ ಆಗಲು 20,000 ಮೇಲ್ ಬೇಕು. ದಿನಕ್ಕೆ ನಲವತ್ತರಂತೆ 500 ದಿನ. ಕ್ಯಾಲ್ಕುಲೇಟರನ್ನು ಅವರ ಕೈಗೇ ಕೊಟ್ಟಿದ್ದೆ. ಬಿ.ಕಾಂ. ಅಲ್ವಾ, ನಾನು ಹೇಳುವುದಕ್ಕಿಂತ ಮೊದಲೇ ತಿಂಗಳಿಗೆ ಎಷ್ಟು ಬರುತ್ತದೆಂದು ನೋಡಿದರು. ಇನ್ನೂರೈವತ್ತರ ಆಸುಪಾಸು. "ಹಾಗಾದ್ರೆ ನನ್ನ 410 ಎಲ್ಲಿಂದ ಬಂತು?" ಎಂದರು. ನಾನು ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಹೇಳಿದರು: "ಯಾರೋ ಕಟ್ಟಿದ 2,499ರಿಂದ."

2017ರ ನೋಯ್ಡಾದ ಪ್ರಕರಣವನ್ನೂ ತಿಳಿಸಿದೆ. ಲಿಂಕ್ ಒಂದಕ್ಕೆ 5 ರೂಪಾಯಿ ಎಂದು ಹೇಳಿ, ಸೇರುವವರಿಂದ 5,750ರಿಂದ 57,500ರವರೆಗೆ ಕಟ್ಟಿಸಿಕೊಂಡಿದ್ದರು. ಲಕ್ಷಗಟ್ಟಲೆ ಜನರಿಂದ ಸುಮಾರು 3,700 ಕೋಟಿ ಸಂಗ್ರಹಿಸಿದರೆಂದು ಉತ್ತರ ಪ್ರದೇಶದ ಪೊಲೀಸರು ಹೇಳಿದ್ದರು. ಅದರಲ್ಲಿ ಓದಿದವರು, ಕೆಲಸದಲ್ಲಿರುವವರು ಬೇಕಾದಷ್ಟು ಮಂದಿ. ಇದನ್ನು ಹೇಳಿದ್ದು ಸಮಾಧಾನಕ್ಕೆ. ನಾನೊಬ್ಬಳೇ ದಡ್ಡಿ ಎಂಬ ಭಾವನೆ ಇರುವವರೆಗೆ ಬಾಯಿ ಬಿಡುವುದು ಕಷ್ಟ.

ಇನ್ನು ಕೊಟ್ಟ ಸಲಹೆಗಳು. ಒಂದೇ ದಿನ ಎಲ್ಲ ಹೇಳಿದ್ದಲ್ಲ.

ಇನ್ನೊಂದು ರೂಪಾಯಿ ಕಟ್ಟಬಾರದು. ನಮ್ಮದೇ ದುಡ್ಡು ನಮಗೆ ಕೊಡಲು ಮೊದಲು ದುಡ್ಡು ಕಟ್ಟಿ ಎಂದರೆ ಅಲ್ಲಿಗೆ ಮುಗಿಯಿತು. ಅವರು ಸಿಟ್ಟಿನಲ್ಲಿ ಎಲ್ಲ ಅಳಿಸಿಹಾಕಲು ಹೊರಟಿದ್ದರು, ತಡೆದೆ. ಮ್ಯಾನೇಜರ್‌ನ ಚಾಟ್, ಅವನ ನಂಬರ್, ಯುಪಿಐ ರಶೀದಿ, 46 ಡಾಲರ್ ತೋರಿಸುವ ಪುಟ, ಎಲ್ಲದರ ಸ್ಕ್ರೀನ್‌ಶಾಟ್ ಮೊದಲು. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ದುಡ್ಡು ಹೋದ ಕೂಡಲೇ ಮಾಡಿದರೆ ಎದುರಿನ ಖಾತೆಯಲ್ಲೇ ಅದನ್ನು ತಡೆಹಿಡಿಸಲು ಅವಕಾಶ ಹೆಚ್ಚು. ಇವರದು ವಾರಗಳು ಕಳೆದಿತ್ತು. ವಾಪಸ್ ಬರುವ ಆಸೆ ಕಡಿಮೆ, ಆದರೂ ದಾಖಲಾಗಬೇಕು ಎಂದು ನೇರವಾಗಿ ಹೇಳಿದೆ. ಕಾಸರಗೋಡಿನ ಸೈಬರ್ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡುವಾಗ ಮಲಯಾಳ ಬರೆಯಲು ಬಾರದೆಂದು ಹಿಂಜರಿದರು. ಇಲ್ಲಿಯ ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು, ಕೇರಳದ 1969ರ ಭಾಷಾ ಕಾನೂನಿನಲ್ಲೇ ಅದಿದೆ. ಕನ್ನಡದಲ್ಲೇ ಬರೆದರು. ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ, ತಾರೀಕು, ಮೊತ್ತ, ಹೆಸರು ಎಲ್ಲ ಕೋಷ್ಟಕದಲ್ಲಿತ್ತು.

ಮ್ಯಾನೇಜರ್‌ಗೆ ಆಧಾರ್, ಪ್ಯಾನ್‌ಗಳ ಫೋಟೋ ಹೋಗಿತ್ತು. ಮೇಲ್‌ಗೂ ಆ ಖಾತೆಗೂ ಪಾಸ್‌ವರ್ಡ್ ಒಂದೇ, ಮಗಳ ಹೆಸರು. ಪಾಸ್‌ವರ್ಡ್ ಬದಲಿಸಿ, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ ಎಂದೆ.

ಕಷ್ಟದ್ದು ಆ ಐದು ಮಂದಿಯ ವಿಷಯ. ಸೇರಿಸಿದವರಿಗೆ ಕಮಿಷನ್ ಸಿಗುವ ಇಂಥ ಹಣದ ಸರಪಳಿಗಳನ್ನು 1978ರ ಕೇಂದ್ರ ಕಾನೂನು ನಿಷೇಧಿಸಿದೆ. ನಡೆಸುವುದಷ್ಟೇ ಅಲ್ಲ, ಸದಸ್ಯರಾಗಿ ಸೇರುವುದೂ ಅದರಲ್ಲಿ ಬರುತ್ತದೆ. ಹೆದರಿಸಲು ಹೇಳಿದ್ದಲ್ಲ. ದೂರು ಕೊಡುವ ಮೊದಲು ವಕೀಲರೊಬ್ಬರ ಮಾತು ಕೇಳಿಕೊಳ್ಳಲಿ ಎಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ಉಚಿತ ಸಹಾಯ ಸಿಗುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಸುಜಾತಾ ಬಳೆ ಅಡವಿಟ್ಟು ಐವರಿಗೂ ಪೂರ್ತಿ ಹಣ ಕೊಡುತ್ತೇನೆ ಎಂದು ಕೂತಿದ್ದರು. ಒಟ್ಟು 12,495. ನಾನು ಬೇಡ ಎಂದೆ. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ, ಕೊಟ್ಟುಬಿಟ್ಟಿದ್ದರೆ ಮನಸ್ಸು ಹಗುರಾಗುತ್ತಿತ್ತು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗುಟ್ಟಾಗಿ ಬಳೆ ಅಡವಿಟ್ಟರೆ ಗಂಡನಿಗೆ ಹೇಳದ ವಿಷಯ ಇನ್ನೊಂದು ಸೇರುತ್ತದೆ. ಆ ಐವರಿಗೂ ನಿಜ ತಿಳಿಯುವುದಿಲ್ಲ, "ಸುಜಾತಾಗೆ ಲಾಭ ಬಂದಿರಬೇಕು, ಅದಕ್ಕೇ ಕೊಟ್ಟಳು" ಎಂದುಕೊಂಡು ಪುನಃ ಕಟ್ಟುತ್ತಾರೆ. ಮೊದಲು ಬಾಯಿಂದ ಹೇಳಿ, ದುಡ್ಡಿನ ಮಾತು ಆಮೇಲೆ ಎಂದೆ. ಗಂಡನಿಗೆ ಅದರ ಹಿಂದಿನ ರಾತ್ರಿಯೇ ಹೇಳಿ, ಬೇರೆಯವರ ಬಾಯಿಂದ ಅಂಗಡಿಯಲ್ಲಿ ಕೇಳುವ ಹಾಗಾಗಬಾರದು ಎಂದೂ ಹೇಳಿದೆ. ಗಂಡ ಹೊಡೆಯುವವರೇ, ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದದ್ದುಂಟೇ ಎಂದು ಸುತ್ತಿಬಳಸದೆ ಕೇಳಿದೆ. ಎರಡಕ್ಕೂ ಇಲ್ಲ ಎಂದರು. ಆದರೂ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ರಾತ್ರಿ ಎರಡು ಗಂಟೆಗೆ ನಾನು ಸಿಗುವುದಿಲ್ಲವಲ್ಲ.

ಮಗಳ ಹತ್ತಿರ ಬೇರೆಯಾಗಿ ಮಾತಾಡಿದೆ. ಅಮ್ಮನ ದುಡ್ಡು ಹೋದದ್ದು ತಾನು ತಪ್ಪು ಬೆಕ್ಕು ಒತ್ತಿದ್ದರಿಂದ ಎಂದು ಅವಳು ನಂಬಿದ್ದಳು. ಅಮ್ಮನಿಂದಲೇ ಅದಲ್ಲ ಎಂದು ಹೇಳಿಸಬೇಕಾಯಿತು. ಫೋನ್ ಈಗ ರಾತ್ರಿ ಅಡುಗೆಮನೆಯಲ್ಲಿ ಇರುತ್ತದೆ.

ಗಂಡ ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ ಠಾಣೆಗೆ ಜೊತೆಯಲ್ಲಿ ಹೋದವರು ಅವರೇ. ಅಯಲ್ಕೂಟದಲ್ಲಿ ಜೋರು ಮಾತಾಯಿತು. ಸಾಲ ತೆಗೆದ ಇಬ್ಬರ ಬಡ್ಡಿಯನ್ನು ಸುಜಾತಾ ಕಟ್ಟುವುದೆಂದು ತೀರ್ಮಾನವಾಯಿತು, ಅದು ಅವರೇ ಮುಂದಿಟ್ಟ ಮಾತು. ನಾಲ್ವರು ದೂರಿಗೆ ಸಹಿ ಹಾಕಿದರು. ಅವರಲ್ಲಿ ಒಬ್ಬರು ಇಂದಿಗೂ ಇವರ ಜೊತೆ ಮಾತಾಡುವುದಿಲ್ಲ. ಕಂಪನಿಯಿಂದ ಒಂದು ರೂಪಾಯಿ ಬಂದಿಲ್ಲ. ಬದಲಿಗೆ "ನಿಮ್ಮ ಹಣ ವಾಪಸ್ ತೆಗೆಸಿಕೊಡುತ್ತೇವೆ, ಫೀಸ್ 999" ಎಂದು ಬೇರೊಬ್ಬ ಫೋನ್ ಮಾಡಿದ. ಸುಜಾತಾ ಆ ನಂಬರನ್ನು ಠಾಣೆಗೆ ಕೊಟ್ಟು ಬಂದರು. ಅಯಲ್ಕೂಟದ ಲೆಕ್ಕದ ಪುಸ್ತಕ ಬರೆಯುವ ಕೆಲಸ ಈಗ ಅವರ ಕೈಗೆ ಬಂದಿದೆ. ಸಂಬಳ ಇಲ್ಲದ ಕೆಲಸ. ಮನೆಯಲ್ಲೇ ಮಾಡಬಹುದಾದ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ) ಕೆಲಸ ಸಿಗುತ್ತದೋ ಎಂದು ಒಂದೆರಡು ಅಂಗಡಿಯಲ್ಲಿ ವಿಚಾರಿಸುತ್ತಿದ್ದಾರೆ, ಇನ್ನೂ ಯಾವುದೂ ಗಟ್ಟಿಯಾಗಿಲ್ಲ.

ಐದನೆಯವರು ಸಹಿ ಹಾಕಲಿಲ್ಲ. ಅವರ ಖಾತೆಯಲ್ಲಿ 38 ಡಾಲರ್ ಇದೆಯಂತೆ, 50 ಆದ ಮೇಲೆ ನೋಡುವ ಎಂದರಂತೆ. ಬೈಯಬೇಡಿ, ಮೇಲ್ ಎಷ್ಟು ಬರುತ್ತಿದೆ ಎಂದು ಮಾತ್ರ ಆಗಾಗ ಕೇಳುತ್ತಿರಿ ಎಂದು ಸುಜಾತಾಗೆ ಹೇಳಿದ್ದೇನೆ.