ಹೈಸ್ಕೂಲಿನಲ್ಲಿ ಕಷ್ಟದ ಮನೆಯಿಂದ ಬರೋ ಮಕ್ಕಳಿಗೆ ಕ್ಲಾಸಲ್ಲೇ ಹೇಗೆ ನೆರವಾಗೋದು?

ಮಂಡ್ಯದ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಪ್ಪ ಅಮ್ಮ ಬೆಳಗ್ಗೆಯೇ ಆಲೆಮನೆ ಕೆಲಸಕ್ಕೆ ಹೋದರೆ, ತಮ್ಮನಿಗೆ ಊಟ ಹಾಕಿ ಬರೋ ಹುಡುಗಿಗೆ ಮೊದಲ ಪೀರಿಯಡ್ ತಪ್ಪುತ್ತದೆ, ಅವಳನ್ನ ಹೊರಗೆ ನಿಲ್ಲಿಸಿದರೆ ಎರಡನೆಯದೂ ಹೋಯ್ತು ಅಲ್ವಾ? ಸುಮ್ನೆ ಒಳಗೆ ಕರೆದು ಕೂರಿಸಿ.

ಆಮೇಲೆ ಎಲ್ಲಿ ಎಡವುತ್ತಾರೆ ಅಂತ ಹುಡುಕಿ. ಕೆಆರ್‌ಎಸ್ ತುಂಬಿದರೆ 124.80 ಅಡಿ, ಈಗ 118.5 ಇದ್ದರೆ ಇನ್ನೆಷ್ಟು ಬೇಕು ಅಂತ ಬೋರ್ಡ್ ಮೇಲೆ ಲೆಕ್ಕ ಕೊಟ್ಟೆ. ಒಂಬತ್ತನೇ ಕ್ಲಾಸಿನ ಹುಡುಗ 5ನ್ನು ಕೊನೆಯ ಸೊನ್ನೆ ಕೆಳಗೆ ಬರೆದಿದ್ದ. ಬುದ್ಧಿ ಕಮ್ಮಿ ಅಲ್ಲ, ಚುಕ್ಕಿ ಕೆಳಗೆ ಚುಕ್ಕಿ ಬರಬೇಕು ಅಂತ ಯಾರೂ ಪಕ್ಕದಲ್ಲಿ ಕೂತು ಹೇಳಿರಲಿಲ್ಲ. ಹತ್ತು ನಿಮಿಷ ಸಾಕಾಯ್ತು.

ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಪರೀಕ್ಷೆ, ಅಂದ್ರೆ ಬಡ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡೋ ವಿದ್ಯಾರ್ಥಿವೇತನದ ಪರೀಕ್ಷೆ, ತಪ್ಪದೇ ಬರೆಸಿ. ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ.