ಪ್ರತಿಕ್ರಿಯೆ: ರೆಫ್ರಿ ಆಚೆ ಕಳಿಸಿದ ಪ್ಲೇಯರ್ ಶನಿವಾರ ಆಡ್ತಾನಾ, ಟಿಕೆಟ್ ಮಾರ್ಲಾ?
ಐಸ್ ಹಾಕಿ ಮ್ಯಾಚಲ್ಲಿ ಆ ಪ್ಲೇಯರ್‌ಗೆ 5 ನಿಮಿಷದ ಮೇಜರ್ (ದೊಡ್ಡ ಪೆನಾಲ್ಟಿ) ಕೊಟ್ಟು ಆಚೆ ಕಳಿಸಿದ್ರು ಆದ್ರೆ ಸಸ್ಪೆನ್ಷನ್ ಸುದ್ದಿನೇ ಇಲ್ಲ ಅಂದ್ರಲ್ಲ, ಬಹುಶಃ ಅದು ಬರೀ ಗೇಮ್ ಮಿಸ್‌ಕಂಡಕ್ಟ್. ಮೊದ್ಲು ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ಸೈಟಲ್ಲಿ ಆ ಮ್ಯಾಚಿನ ಪೆನಾಲ್ಟಿ ಲಿಸ್ಟ್ ನೋಡಿ, ಮ್ಯಾಚ್ ಪೆನಾಲ್ಟಿ ಅಂತಿದ್ರೆ ಲೀಗ್ ತೀರ್ಮಾನ ಮಾಡೋವರೆಗೂ ಆಡೋ ಹಾಗೇ ಇಲ್ಲ, ಮಿಸ್‌ಕಂಡಕ್ಟ್ ಆದ್ರೆ ಸಾಮಾನ್ಯವಾಗಿ ಅವತ್ತಿಗೇ ಮುಗೀತು. ಆಮೇಲೆ ಲೀಗಲ್ಲಿ ಸಸ್ಪೆನ್ಷನ್ ತೀರ್ಮಾನ ಮಾಡೋ ಪ್ಲೇಯರ್ ಸೇಫ್ಟಿ ಡಿಪಾರ್ಟ್‌ಮೆಂಟ್ ಪೋಸ್ಟ್ ನೋಡ್ತಿರಿ. ಫೋನಲ್ಲಿ ಹಿಯರಿಂಗ್ (ವಿಚಾರಣೆ) ಅಂದ್ರೆ ಜಾಸ್ತಿ ಅಂದ್ರೆ 5 ಮ್ಯಾಚ್ ಸಸ್ಪೆನ್ಷನ್, ಖುದ್ದಾಗಿ ಬಾ ಅಂತ ಕರೆದ್ರೆ ಅದಕ್ಕಿಂತ ಮೇಲೂ ಹೋಗ್ಬಹುದು, 2018ರಲ್ಲಿ ಟಾಮ್ ವಿಲ್ಸನ್ ಅನ್ನೋ ಪ್ಲೇಯರ್‌ಗೆ 20 ಮ್ಯಾಚ್ ಹಾಕಿ ಕೊನೆಗೆ ಅಪೀಲಲ್ಲಿ 14 ಆಯ್ತು. ಏಟು ನೇರ ತಲೆಗೇ ಬಿತ್ತಾ, ಎದುರಿನವನಿಗೆ ಗಾಯ ಆಯ್ತಾ, ಇವನದ್ದು ಹಳೇ ಕೇಸಿದೆಯಾ ಎಲ್ಲಾ ನೋಡ್ತಾರೆ. ನೀವು ಹಾಕಿರೋ ಕ್ಲಿಪ್ಪಲ್ಲಿ ಮೊಣಕೈ ಮೇಲೆದ್ದಿರೋದು ಕಾಣುತ್ತೆ, ಅದಕ್ಕೇ ನಂಗೆ ಭಯ, 2-3 ಮ್ಯಾಚ್ ಹೋಗ್ಬಹುದು ಅನ್ಸುತ್ತೆ, ಗ್ಯಾರಂಟಿ ಇಲ್ಲ. ಹಿಯರಿಂಗ್ ಇದೆಯೋ ಇಲ್ವೋ ಗೊತ್ತಾಗೋವರೆಗೂ ಟಿಕೆಟ್ ಮಾರ್ಬೇಡಿ.