ದೊಡ್ಡ ದೇಶಕ್ಕೆ ನೆರೆಯವರ ಮೇಲೆ ಹಕ್ಕಿದೆಯಾ?

ಪ್ರಶ್ನೆ: ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಬಂದಾಗ ಅಮೆರಿಕ ಸಹಿಸಲಿಲ್ಲ. ಹಾಗಿದ್ದ ಮೇಲೆ ಅಮೆರಿಕ ನೇತೃತ್ವದ ಮಿಲಿಟರಿ ಕೂಟ ನ್ಯಾಟೊ ಕಡೆ ಉಕ್ರೇನ್ ವಾಲಿದಾಗ ರಷ್ಯಾ ಮಾತ್ರ ಯಾಕೆ ಸುಮ್ಮನಿರಬೇಕು? ದೊಡ್ಡ ದೇಶಗಳಿಗೆ ಸುತ್ತಮುತ್ತ ಒಂದು ‘ಪ್ರಭಾವ ವಲಯ’ ಇರುವುದು ಸಹಜ ಅಲ್ವಾ? ಅದನ್ನು ಹಕ್ಕು ಅಂತ ಒಪ್ಪಿಕೊಂಡುಬಿಟ್ಟರೆ ಯುದ್ಧಗಳಾದರೂ ಕಡಿಮೆಯಾಗುತ್ತವೆ.

ಉತ್ತರ: ಪ್ರಭಾವ ಇರುವುದು ಸಹಜ, ಒಪ್ಪಿದೆ. ಹಕ್ಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ದೊಡ್ಡ ಮಾರುಕಟ್ಟೆ, ದೊಡ್ಡ ಸೈನ್ಯ ಇದ್ದರೆ ಚಿಕ್ಕ ದೇಶ ಅದರ ಮುಖ ನೋಡಿಕೊಂಡೇ ನಡೆಯುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ‘ಪ್ರಭಾವ ವಲಯ’ ಬೇಕು ಅನ್ನುವವರು ಕೇಳುತ್ತಿರುವುದು ಇನ್ನೂ ಜಾಸ್ತಿ. ನೆರೆಯವರು ಯಾರ ಜೊತೆ ಸೇರಬೇಕು, ಎಂಥ ಸರ್ಕಾರ ಇಟ್ಟುಕೊಳ್ಳಬೇಕು ಅನ್ನುವುದರಲ್ಲಿ ಕೊನೆಯ ಮಾತು ನನ್ನದು, ಬೇರೆ ಯಾರೂ ಅಲ್ಲಿ ತಲೆ ಹಾಕಬಾರದು ಅನ್ನುತ್ತಾರೆ ಅವರು.

ಇದು ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. 1944ರ ಅಕ್ಟೋಬರ್ 9, ರಾತ್ರಿ, ಮಾಸ್ಕೋದ ಕ್ರೆಮ್ಲಿನ್. ಬ್ರಿಟನ್ ಪ್ರಧಾನಿ ಚರ್ಚಿಲ್ ಯಾರಿಗೆ ಎಲ್ಲಿ ಎಷ್ಟು ಪ್ರಭಾವ ಅಂತ ಅರ್ಧ ಹಾಳೆಯ ಮೇಲೆ ಬರೆಯುತ್ತಾರೆ: ರುಮೇನಿಯಾದಲ್ಲಿ ರಷ್ಯಾಕ್ಕೆ ಶೇ 90, ಗ್ರೀಸ್‌ನಲ್ಲಿ ಬ್ರಿಟನ್ನಿಗೆ ಶೇ 90, ಯುಗೊಸ್ಲಾವಿಯಾ ಮತ್ತು ಹಂಗೇರಿ ಅರ್ಧರ್ಧ, ಬಲ್ಗೇರಿಯಾದಲ್ಲಿ ರಷ್ಯಾಕ್ಕೆ ಶೇ 75. ಸೋವಿಯತ್ ನಾಯಕ ಸ್ಟಾಲಿನ್ ನೀಲಿ ಪೆನ್ಸಿಲ್‌ನಿಂದ ದೊಡ್ಡದೊಂದು ಗುರುತು ಹಾಕಿ ಹಾಳೆಯನ್ನು ವಾಪಸ್ ಕೊಡುತ್ತಾರೆ. ಇಷ್ಟೊಂದು ಜನರ ಹಣೆಬರಹವನ್ನು ಇಷ್ಟು ಸಲೀಸಾಗಿ ಮುಗಿಸಿದ್ದು ನೋಡಿದವರಿಗೆ ಚೆನ್ನಾಗಿ ಕಾಣಲಿಕ್ಕಿಲ್ಲ, ಸುಟ್ಟುಬಿಡೋಣವೇ ಅಂತ ಚರ್ಚಿಲ್ ಕೇಳುತ್ತಾರೆ. ಬೇಡ, ನೀವೇ ಇಟ್ಟುಕೊಳ್ಳಿ ಅನ್ನುತ್ತಾರೆ ಸ್ಟಾಲಿನ್. ಇದನ್ನೆಲ್ಲ ಆಮೇಲೆ ಬರೆದಿಟ್ಟವರು ಸ್ವತಃ ಚರ್ಚಿಲ್. ಆ ಕೋಣೆಯಲ್ಲಿ ರುಮೇನಿಯಾದವರೂ ಇರಲಿಲ್ಲ, ಗ್ರೀಸ್‌ನವರೂ ಇರಲಿಲ್ಲ.

ಸುಟ್ಟುಬಿಡೋಣವೇ ಅಂತ ಕೇಳಿದ್ದು ನನ್ನನ್ನು ತುಂಬ ಕಾಡುತ್ತದೆ. ನಿಜವಾಗಿಯೂ ಹಕ್ಕೇ ಆಗಿದ್ದರೆ ಮುಚ್ಚಿಡುವ ಅಗತ್ಯ ಏನಿತ್ತು? 1939ರಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಪೂರ್ವ ಯುರೋಪನ್ನು ಹಂಚಿಕೊಂಡದ್ದೂ ಗುಟ್ಟಾಗಿಯೇ. ಆ ಗುಪ್ತ ಒಪ್ಪಂದ ಇತ್ತು ಅಂತ ಸೋವಿಯತ್ ಒಕ್ಕೂಟ ಒಪ್ಪಿಕೊಂಡದ್ದು 50 ವರ್ಷ ಕಳೆದ ಮೇಲೆ, 1989ರಲ್ಲಿ.

ಈಗ ಕ್ಯೂಬಾ. ನಿಮ್ಮ ವಾದಕ್ಕೆ ಬಲ ಇರುವುದೇ ಅಲ್ಲಿ. ಆದರೆ ಅಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ‘ನನ್ನ ಬಾಗಿಲಲ್ಲಿ ಅಣು ಕ್ಷಿಪಣಿ ಇಡಬೇಡಿ’ ಅನ್ನುವುದು ಒಂದು. ‘ನಿಮ್ಮ ಸರ್ಕಾರ ಯಾವುದು ಅಂತ ನಾನು ಹೇಳುತ್ತೇನೆ’ ಅನ್ನುವುದು ಇನ್ನೊಂದು. 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಬಗೆಹರಿಸಿಕೊಂಡದ್ದು ಮೊದಲನೆಯದನ್ನು: ಸೋವಿಯತ್ ಕ್ಷಿಪಣಿ ವಾಪಸ್ ಹೋಯಿತು, ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲ ಅಂತ ಅಮೆರಿಕ ಮಾತು ಕೊಟ್ಟಿತು, ಟರ್ಕಿಯಲ್ಲಿದ್ದ ತನ್ನ ಕ್ಷಿಪಣಿಗಳನ್ನು ಸದ್ದಿಲ್ಲದೆ ತೆಗೆಯಿತು. ಕ್ಯೂಬಾದ ಕ್ಯಾಸ್ಟ್ರೊ ಸರ್ಕಾರ ಅಮೆರಿಕದ ಫ್ಲಾರಿಡಾದಿಂದ ಸುಮಾರು 150 ಕಿ.ಮೀ. ದೂರದಲ್ಲಿ, ಮಾಸ್ಕೋದ ಮಿತ್ರನಾಗಿಯೇ ಉಳಿಯಿತು. ಎರಡನೆಯದನ್ನು ಅಮೆರಿಕ ಹಿಂದಿನ ವರ್ಷವೇ ಮಾಡಿ ನೋಡಿತ್ತು. 1961ರ ಏಪ್ರಿಲ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತರಬೇತಿ ಕೊಟ್ಟ ಪಡೆ ಕ್ಯೂಬಾದ ಬೇ ಆಫ್ ಪಿಗ್ಸ್‌ನಲ್ಲಿ ಇಳಿದು ಸೋತಿತು. ಅದು ತಪ್ಪು. 1954ರಲ್ಲಿ ಗ್ವಾಟೆಮಾಲಾದ ಸರ್ಕಾರ ಉರುಳಿಸಿದ್ದೂ ತಪ್ಪೇ. ನಿಕರಾಗುವಾದ ಬಂಡುಕೋರರಿಗೆ ನೆರವು ಕೊಟ್ಟ ವಿಷಯದಲ್ಲಿ 1986ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಮೆರಿಕದ ವಿರುದ್ಧವೇ ತೀರ್ಪು ಕೊಟ್ಟಿತು, ಅಮೆರಿಕ ಅದನ್ನು ಪಾಲಿಸಲಿಲ್ಲ. ಅವರಿಗೊಂದು ನ್ಯಾಯ, ಇವರಿಗೊಂದು ನ್ಯಾಯ ಆಗಬಾರದು ಅನ್ನುವ ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆದರೆ ಒಬ್ಬರು ಮಾಡಿದ ತಪ್ಪು ಇನ್ನೊಬ್ಬರಿಗೆ ಪರವಾನಗಿ ಹೇಗಾಗುತ್ತದೆ?

ಕಾನೂನಿನ ಮಾತು ಜಾಸ್ತಿ ಎಳೆಯುವುದಿಲ್ಲ. ದೇಶ ಚಿಕ್ಕದಿರಲಿ ದೊಡ್ಡದಿರಲಿ ಸಾರ್ವಭೌಮತ್ವ ಸಮಾನ ಅಂತ 1945ರ ವಿಶ್ವಸಂಸ್ಥೆಯ ಸನ್ನದು ಹೇಳುತ್ತದೆ. ಮಿತ್ರಕೂಟ ಸೇರುವುದು ಬಿಡುವುದು ಆಯಾ ದೇಶದ ಇಷ್ಟ ಅಂತ 1975ರಲ್ಲಿ ಹೆಲ್ಸಿಂಕಿಯಲ್ಲಿ ಸಹಿ ಹಾಕಿದವರಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್ ಕೂಡ ಇದ್ದರು. ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರ ಬಿಟ್ಟುಕೊಡಲು ಒಪ್ಪಿದಾಗ, ಅದರ ಗಡಿಯನ್ನು ಗೌರವಿಸುತ್ತೇವೆ ಅಂತ 1994ರಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾವೇ ಬರೆದುಕೊಟ್ಟಿತ್ತು. ಹಾಗಂತ ಕೇಳಿದವರನ್ನೆಲ್ಲ ನ್ಯಾಟೊ ಸೇರಿಸಿಕೊಳ್ಳಲೇಬೇಕು ಅಂತೇನಿಲ್ಲ. ಸೇರಿಸಿಕೊಳ್ಳುವುದು ಜಾಣತನವೇ ಅಲ್ಲವೇ ಅನ್ನುವುದು ನ್ಯಾಯವಾದ ಚರ್ಚೆ, ಆ ಚರ್ಚೆಯಲ್ಲಿ ರಷ್ಯಾದ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯುದ್ಧ ಕಡಿಮೆಯಾಗುತ್ತದೆ ಅಂದಿರಿ. ದೊಡ್ಡವರ ನಡುವೆ ಆಗಬಹುದು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ನುಗ್ಗಿದಾಗ ಪಶ್ಚಿಮದವರು ಕೈಕಟ್ಟಿ ಕೂತರು. ಅಣುಯುದ್ಧದ ಭಯವಿತ್ತು, ಅದನ್ನು ವಿವೇಕ ಅಂತ ಬೇಕಾದರೆ ಕರೆಯಿರಿ. ಆದರೆ ಸುಮಾರು 2,500 ಹಂಗೇರಿಯನ್ನರು ಸತ್ತರು, ಸುಮಾರು 2 ಲಕ್ಷ ಜನ ದೇಶ ಬಿಟ್ಟು ಓಡಿದರು. ಅವರ ಪಾಲಿಗೆ ಅದು ಯುದ್ಧವೇ. 1968ರಲ್ಲಿ ಸೋವಿಯತ್ ನೇತೃತ್ವದ ಮಿಲಿಟರಿ ಕೂಟವಾದ ವಾರ್ಸಾ ಒಪ್ಪಂದದ ಸೈನ್ಯ ನುಗ್ಗಿದ್ದು ತನ್ನದೇ ಸದಸ್ಯ ದೇಶ ಚೆಕೊಸ್ಲೊವಾಕಿಯಾಕ್ಕೆ. ಹಿಡಿತ ಸಡಿಲವಾದ ಮೇಲೆ ಈ ದೇಶಗಳೆಲ್ಲ ನ್ಯಾಟೊ ಬಾಗಿಲು ತಟ್ಟಿದ್ದರಲ್ಲಿ ಆಶ್ಚರ್ಯ ಏನಿದೆ? ದಶಕಗಟ್ಟಲೆ ಹೊರಗೇ ಉಳಿದಿದ್ದ ಫಿನ್ಲೆಂಡ್ ಕೂಡ ಉಕ್ರೇನ್ ಮೇಲಿನ ದಾಳಿ ನೋಡಿ ಮನಸ್ಸು ಬದಲಿಸಿತು, 2023ರ ಏಪ್ರಿಲ್‌ನಲ್ಲಿ ಒಳಗೆ ಸೇರಿತು. ಅದರ ಜೊತೆಗೆ ರಷ್ಯಾಕ್ಕೆ ತಾಗಿದ ಸುಮಾರು 1,340 ಕಿ.ಮೀ. ಗಡಿ ನ್ಯಾಟೊ ಪಾಲಾಯಿತು.

ಹಾಗಾದರೆ ದೊಡ್ಡ ದೇಶದ ಆತಂಕಕ್ಕೆ ದಾರಿಯೇ ಇಲ್ವಾ ಅಂತ ನೀವು ಕೇಳಬಹುದು. ಇದೆ, ಅದೇ ಮಾಸ್ಕೋದಲ್ಲೇ ಒಂದು ಉದಾಹರಣೆ ಸಿಗುತ್ತದೆ. 1955ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾದ ಚಾನ್ಸೆಲರ್ ಯೂಲಿಯಸ್ ರಾಬ್ ತಾವೇ ಅಲ್ಲಿಗೆ ಹೋಗಿ ಮಾತಿಗೆ ಕೂತರು. ಒತ್ತಡ ಇರಲಿಲ್ಲ ಅಂತಲ್ಲ, ಎರಡನೇ ಮಹಾಯುದ್ಧ ಮುಗಿದಾಗಿನಿಂದ ಆಸ್ಟ್ರಿಯಾದಲ್ಲಿ ನಾಲ್ಕು ದೇಶಗಳ ಸೈನ್ಯ ಕೂತಿತ್ತು. ಆದರೆ ಮೇಜಿನ ಮುಂದೆ ಆಸ್ಟ್ರಿಯಾದವರೇ ಇದ್ದರು. ಸೈನ್ಯಗಳು ಹೊರಟುಹೋದವು. ಆಮೇಲೆ ಅಕ್ಟೋಬರ್ 26ರಂದು, ನಾವು ಯಾವ ಮಿಲಿಟರಿ ಕೂಟಕ್ಕೂ ಸೇರುವುದಿಲ್ಲ ಅಂತ ಆಸ್ಟ್ರಿಯಾದ ಸಂಸತ್ತೇ ಕಾನೂನು ಮಾಡಿತು. ಇವತ್ತಿಗೂ ಅದು ನ್ಯಾಟೊ ಸೇರಿಲ್ಲ.